ಪೀಚ್ ಹಣ್ಣು ಈರುಳ್ಳಿಯಾದದ್ದು

ಚೀನಾದ ನಮ್ಮ ಜಿಂಗ್ದೆಜೆನ್ ಊರಲ್ಲಿ ಒಂದು ಪಿಂಗಾಣಿ ತಟ್ಟೆ ಎಪ್ಪತ್ತೆರಡು ಕೈ ದಾಟಬೇಕು. ಗೆರೆ ಎಳೆಯುವವನು ಬರೀ ಗೆರೆ ಎಳೆಯುತ್ತಾನೆ, ಎಲೆ ಬರೆಯುವವನು ಬರೀ ಎಲೆ. ಫೆಂಗ್ ಬಾವೊಷಾನ್ ನಲವತ್ತು ವರ್ಷ ಬರೆದದ್ದು ಪೀಚ್ ಹಣ್ಣೊಂದನ್ನೇ. ಅದು ದೀರ್ಘಾಯುಸ್ಸಿನ ಹಣ್ಣು. ಹಿರಿಯರ ಹುಟ್ಟುಹಬ್ಬದ ತಟ್ಟೆಯಲ್ಲಿ ಅದಿಲ್ಲದಿದ್ದರೆ ಮಕ್ಕಳು ನಾಲ್ಕು ಜನಕ್ಕೆ ಮುಖ ತೋರಿಸುವ ಹಾಗಿಲ್ಲ. ತಟ್ಟೆಯ ಮೇಲೆ ಹೆಸರು ಹಾಕಿಕೊಳ್ಳಲು ಅವನಿಗೆ ಯಾರೂ ಬಿಡಲಿಲ್ಲ. ಕೊಂಚ ಓರೆಯಾದ ಹಣ್ಣಿನ ತುದಿಯೇ ಅವನ ರುಜು.

ಆ ವರ್ಷ ಕ್ಯಾಂಟನ್ ಬಂದರಿನಿಂದ ಹೆ ಎಂಬ ದಲ್ಲಾಳಿ ಒಂದು ಮಾದರಿ ತಟ್ಟೆ ತಂದ. ನಮ್ಮ ತಟ್ಟೆ ನೋಡಿ ಕೆಂಪುಗೂದಲಿನ ಪರದೇಶಿಗಳು ತಮ್ಮೂರಲ್ಲಿ ಮಾಡಿಕೊಂಡ ನಕಲು ಅದು. ಹಣ್ಣು ಉಬ್ಬಿಹೋಗಿತ್ತು, ನಡುವಿನ ಸೀಳು ಮಾಯ, ಮೇಲೊಂದು ಜುಟ್ಟು.

"ಇದು ಈರುಳ್ಳಿ," ಎಂದ ಬಾವೊಷಾನ್.

"ಅವ್ರಿಗೆ ಇದೇ ಬೇಕಂತೆ, ಗುರುಗಳೇ. ಸಾವಿರ ತಟ್ಟೆ. ಒಂದು ಗೆರೆನೂ ಆಚೀಚೆ ಆಗ್ಬಾರ್ದು."

"ನಮ್ಮ ಹಣ್ಣು ಕದ್ದು, ಕೆಡಿಸಿ, ಕೆಟ್ಟಿದ್ದನ್ನ ನಮಗೇ ಕಲಿಸ್ತಾರಾ? ಅಜ್ಜಿಗೆ ಮೊಮ್ಮಗಳು ಕೆಮ್ಮೋದು ಕಲಿಸಿದ್ಲಂತೆ!"

ಹಟಕ್ಕೆ ಬಿದ್ದು ಹತ್ತು ತಟ್ಟೆಗಳಿಗೆ ಸರಿಯಾದ ಪೀಚನ್ನೇ ಬರೆದ. ಹೆ ಹತ್ತನ್ನೂ ವಾಪಸು ಕಳಿಸಿದ, "ತಪ್ಪಾಗಿದೆ" ಎಂಬ ಮಾತಿನೊಂದಿಗೆ. ತಪ್ಪಂತೆ! ನಲವತ್ತು ವರ್ಷದ ಕೈಗೆ! ಬಾವೊಷಾನ್ ಕುಂಚ ಎಸೆದ, ಮತ್ತೆ ಮುಟ್ಟಲಿಲ್ಲ. ಮನೆ ನಡೆಯಬೇಕಲ್ಲ, ಅಲ್ಲಿಯವರೆಗೆ ಕುಂಚ ಹಿಡಿದೇ ಇರದ ಮಗಳು ಲಾನ್‌ಯಿಂಗ್ ಅದನ್ನು ಎತ್ತಿಕೊಂಡಳು. ಮಾದರಿ ತಟ್ಟೆ ಮುಂದಿಟ್ಟುಕೊಂಡು ತಾನೇ ಕಲಿತಳು. ತಟ್ಟೆಗಳು ಹಡಗು ಹತ್ತಿದವು. ಅವನು ಮಾತ್ರ ಅವಳು ಬರೆಯುವ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ವರ್ಷದ ಮೇಲೆ ಬಾವೊಷಾನ್‌ನ ತಾಯಿಗೆ ಎಂಬತ್ತು ತುಂಬಿತು. ಲಾನ್‌ಯಿಂಗ್ ಯಾರಿಗೂ ಹೇಳದೆ ಅಜ್ಜಿಗೊಂದು ತಟ್ಟೆ ಬರೆದಿದ್ದಳು. ಬಿಸಿ ಶ್ಯಾವಿಗೆಯ ಬಟ್ಟಲಿನ ಪಕ್ಕ ಅದನ್ನಿಟ್ಟು ಕಾಲಿಗೆ ಬಿದ್ದಳು. ಮುದುಕಿ ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ಈರುಳ್ಳಿ ಚೆನ್ನಾಗಿ ಬರ್ದಿದೀಯ ಕಣೆ. ಇವತ್ತು ಈರುಳ್ಳಿ ಯಾಕೆ?"

"ಅಯ್ಯೋ ಅಜ್ಜಿ, ಅದು ಪೀಚು. ತಟ್ಟೆ ಮೇಲೆ ಪೀಚ್ ಬರಿಯೋದೇ ಹಿಂಗಲ್ವಾ?"

ಬೈಯಲೆಂದು ಬಾವೊಷಾನ್ ಬಾಯಿ ತೆರೆದ. ದಲ್ಲಾಳಿ ಕ್ಯಾಂಟನ್ನಿನಲ್ಲಿದ್ದ, ಪರದೇಶಿಗಳು ಕಡಲಾಚೆ ಇದ್ದರು. ಅವಳಿಗೆ ಪೀಚ್ ಕಲಿಸಬೇಕಾಗಿದ್ದವನು ಎರಡು ವರ್ಷದಿಂದ ಇದೇ ಮನೆಯಲ್ಲಿ, ಮುನಿಸಿಕೊಂಡು, ಅವಳಿಗೆ ಬೆನ್ನು ಹಾಕಿ ಕೂತಿದ್ದ.