ಪೆಟ್ಟಿಗೆಯ ಮೇಲಿನ ಮೂರನೆಯ ಹೆಸರು

ಬೆಳಿಗ್ಗೆ ಬಾಗಿಲು ತೆರೆದರೆ ಏಲಕ್ಕಿಯ ಘಮ. ಐರ್ಲೆಂಡಿನ ಈ ಬ್ಯಾಲಿನ್‌ಕೊಲಿಗ್‌ನಲ್ಲಿ ಯಾರ ಮನೆಯ ಕೇಸರಿಬಾತು ಇದು ಎಂದು ಮೂಗರಳಿಸಿದೆ. ಪಕ್ಕದ ಮನೆಯ ನೋರಾ ಬನ್ನು ಬೇಯಿಸುತ್ತಿದ್ದರು, ನಾರ್ವೆಯ ನೆಂಟರು ಕಲಿಸಿದ್ದು. ಆ ನೆಂಟರನ್ನು ಹುಡುಕಿದ್ದರಲ್ಲಿ ನನ್ನದೂ ಅಳಿಲುಸೇವೆ ಇದೆ, ಕೇಳಿ.

ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ನಮಗೆ ಬೇಲಿಯೇ ಅರಳಿಕಟ್ಟೆ. ಆಚೆ ಎಂಬತ್ತರ ನೋರಾ, ಈಚೆ ನಾನು, ಇಬ್ಬರ ಕೈಯಲ್ಲೂ ಚಹಾ. ಅವರ ಮುತ್ತಜ್ಜ ನಿಲ್ಸ್ ಲಾರ್ಸೆನ್ ನಾರ್ವೆಯ ನಾವಿಕ, ಹತ್ತಿರದ ಕಾರ್ಕ್ ಬಂದರಿನಲ್ಲಿ ಇಳಿದವನು ಇಲ್ಲಿಯ ಹುಡುಗಿಯನ್ನು ಮೆಚ್ಚಿ ಉಳಿದುಬಿಟ್ಟ.

"ಅವನನ್ನ ನಾರ್ವೇಲಿ ಮನೆಯಿಂದ ಹೊರಗೆ ಹಾಕಿದ್ರು ಅಂತಿದ್ದ ನಮ್ಮಪ್ಪ. ನಿಜಾನೋ ಸುಳ್ಳೋ, ಸಾಯೋದ್ರೊಳಗೆ ಗೊತ್ತಾಗ್ಬೇಕು ನಂಗೆ," ಎಂದಿದ್ದರು ನೋರಾ.

ಕಂಪ್ಯೂಟರಿನಲ್ಲಿ ನಿಲ್ಸ್ ಲಾರ್ಸೆನ್ ಎಂದು ಹುಡುಕುವುದು ನಮ್ಮಲ್ಲಿ ಮಂಜುನಾಥನನ್ನು ಹುಡುಕಿದ ಹಾಗೆ. ಸಂತೆಯೇ ಎದ್ದು ಬರುತ್ತಿತ್ತು.

ಒಂದು ದಿನ ನೋರಾ ಮುತ್ತಜ್ಜನ ಮರದ ಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟಿದ್ದರು. ಮುಚ್ಚಳದ ಮೇಲೆ ಬಣ್ಣದಲ್ಲಿ: ನಿಲ್ಸ್ ಲಾರ್ಸೆನ್ ಎಲ್ಡ್‌ವಿಕ್.

"ಕೊನೇದು ಹಡಗಿನ ಹೆಸರು. ಆ ಹಡಗು ಎಲ್ಲೂ ಸಿಗ್ತಿಲ್ಲ," ಎಂದರು.

ನನಗೆ ನಗು. ನಾನು, ಹೆಂಡತಿ, ಮಗಳು ಮೂವರಿಗೂ ಬೇರೆ ಬೇರೆ ಸರ್‌ನೇಮ್ ಯಾಕೆಂದು ಈ ದೇಶಕ್ಕೆಲ್ಲ ವಿವರಿಸಿ ನಾಲಗೆ ಸವೆಸಿಕೊಂಡವನು ನಾನು.

"ಅದು ಊರಿರ್ಬೇಕು ನೋರಾ! ಲಾರ್ಸೆನ್ ಅಂದ್ರೆ ಲಾರ್ಸನ ಮಗ. ನನ್ನ ಇನಿಷಿಯಲ್ಲೂ ಹಾಗೇನೇ, ಒಂದು ಊರಿಂದು, ಒಂದು ಅಪ್ಪಂದು."

"ಗ್ರ್ಯಾಂಡ್! ಇಷ್ಟು ವರ್ಷ ಇಲ್ಲದ ಹಡಗು ಹುಡುಕಿದ್ವಾ?"

ನಾರ್ವೆಯ ಕಡಲಂಚಿನಲ್ಲಿ ಎಲ್ಡ್‌ವಿಕ್ ಎಂಬ ಹೊಲಮನೆ ಸಿಕ್ಕೇಬಿಟ್ಟಿತು. ಅಲ್ಲಿಯವರಿಗೆ ಮೇಲ್ ಹಾಕಿ, ವಿಡಿಯೋ ಕರೆಯ ದಿನ ಬೇಲಿಯ ಮೇಲೆ ಲ್ಯಾಪ್‌ಟಾಪ್ ಹಿಡಿದು ನಿಂತೆ. ಪರದೆಯಲ್ಲಿ ಆ ಮನೆಯ ಅಜ್ಜಿ, ತೊಡೆಯ ಮೇಲೊಂದು ಮಗು.

"ಅವನನ್ನ ಹೊರಗೆ ಹಾಕಿದ್ರಾ?" ನೋರಾ ಧ್ವನಿ ಇಳಿದಿತ್ತು.

"ಯಾರು ಹೇಳಿದ್ದು? ಇವನು ನನ್ನ ಮೊಮ್ಮಗ, ನಿಲ್ಸ್. ನಮ್ಮನೇಲಿ ಪ್ರತಿ ತಲೆಮಾರಲ್ಲೂ ಒಬ್ಬನಿಗೆ ಆ ಹೆಸರೇ. ಸಮುದ್ರಕ್ಕೆ ಹೋದವನು ಬರಲೇ ಇಲ್ಲವಲ್ಲ, ಅದಕ್ಕೆ."

ನಮ್ಮಲ್ಲೂ ಮರೆಯಲಾಗದವರ ಹೆಸರನ್ನೇ ಮಕ್ಕಳಿಗೆ ಇಡುವುದು. ನೋರಾ ಕನ್ನಡಕ ತೆಗೆದರು. ನನ್ನ ಮೂಗೂ ಸೋರಿತು. ಆ ದಿನಗಳಲ್ಲಿ ಅತ್ತರೂ ಕೋವಿಡ್ ಟೆಸ್ಟ್ ಮಾಡಿಸು ಎನ್ನುತ್ತಿದ್ದಳು ಹೆಂಡತಿ.

ಈಗ ಬಿಸಿ ಬನ್ನು ತಿಂದು, ಮಾರ್ಕರ್ ಹುಡುಕಿ, ಮಗಳ ಶಾಲೆಯ ಚೀಲದೊಳಗೆ ಅವಳ ಹೆಸರು ಬರೆಯುತ್ತಿದ್ದೇನೆ. ಇಲ್ಲೇ ಹುಟ್ಟಿದವಳಿಗೆ ನಮ್ಮೂರಿನ ಹೆಸರು ಯಾಕೆಂದು ಬಿಟ್ಟಿದ್ದೆವು. ಇವತ್ತು ಅದನ್ನೂ ಸೇರಿಸಿದೆ.

"ಡ್ಯಾಡ್, ದಟ್ಸ್ ವೇ ಟೂ ಲಾಂಗ್!"

"ಇರ್ಲಿ ಬಿಡೇ. ನಿನ್ನ ಮೊಮ್ಮಕ್ಕಳಿಗೆ ಮಾತ್ರ ಹೇಳಿರು, ಸೋಮನಹಳ್ಳಿ ಅಂದ್ರೆ ಹಡಗಲ್ಲ ಅಂತ."