ಸೀಟಿಯ ಸದ್ದಿಗೆ ಕಿವಿ ಮುಚ್ಚಿದವರು

ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಿದ್ದ ಹಾಳೆಯನ್ನು ನೀವು ಎಂದಾದರೂ ಕೆನ್ನೆಗೆ ಒತ್ತಿಕೊಂಡಿದ್ದೀರಾ? ಚಳಿಗಾಲದ ಬೆಳಗುಗಳಲ್ಲಿ, ಚಾಮರಾಜನಗರದ ನನ್ನ ಪುಟ್ಟ ಅಂಗಡಿಗೆ ಗಿರಾಕಿಗಳು ಬರುವ ಮೊದಲು, ನಾನು ಗುಟ್ಟಾಗಿ ಅನುಭವಿಸುವ ಸುಖವದು. ಪಹಣಿ, ಆಧಾರ್, ಅಂಕಪಟ್ಟಿ, ಎಲ್ಲವೂ ಒಂದೇ ಬಿಸಿಯಲ್ಲಿ ಹೊರಬರುತ್ತವೆ. ಆದರೆ ತಿಂಗಳಿಗೊಮ್ಮೆ ನಮ್ಮ ಕೂಟದ ನಾಲ್ಕು ಪುಟದ ಪತ್ರಿಕೆ ಬರುವಾಗ ಮಾತ್ರ ಆ ಬಿಸಿ ನನ್ನದೇ ಮೈಯದು ಎನ್ನಿಸುತ್ತಿತ್ತು.

ಕೂಟವೆಂದರೆ ದೊಡ್ಡ ಕಲ್ಪನೆ ಬೇಡ. ಹನ್ನೆರಡು ಜನ. ನಿವೃತ್ತ ಕಂಡಕ್ಟರ್ ಬಸವಣ್ಣನವರ ಮಹಡಿಯ ಮೇಲೆ ಭಾನುವಾರ ಸೇರುತ್ತೇವೆ. ದೊಡ್ಡ ಪತ್ರಿಕೆಗಳ ಮೂಲೆಯಲ್ಲೂ ಜಾಗ ಸಿಗದ ಊರುಗಳ ಸುದ್ದಿಯನ್ನು ಬರೆಯುತ್ತೇವೆ; ಓದಲು ಬಾರದವರಿಗಾಗಿ ಅದೇ ಸುದ್ದಿಯನ್ನು ಪುಟ್ಟ ನಾಟಕವಾಗಿಸಿ ಸಂತೆಗಳಲ್ಲಿ ಆಡುತ್ತೇವೆ. ಅಕ್ಷರ ಜೋಡಿಸುವುದು ನನ್ನ ಪಾಲು. ಮುಖ್ಯ ಪಾತ್ರ ಉಮ್ಮತ್ತೂರಿನ ಪುಟ್ಟಮಾದಮ್ಮನದು. ಕೂಲಿ ಮಾಡುವ ಹೆಂಗಸು, ಒಂದಕ್ಷರ ಓದಿದವಳಲ್ಲ. ನಾನು ಒಮ್ಮೆ ಓದಿ ಹೇಳಿದ್ದನ್ನು ಉಸಿರಿನ ಸಮೇತ ನೆನಪಿಟ್ಟುಕೊಳ್ಳುತ್ತಾಳೆ.

ಗುಂಡ್ಲುಪೇಟೆಯ ಆಚೆಗಿನ ಒಂದು ಹಳ್ಳಿಯಿಂದ ಕಾಗದ ಬಂತು. ಕಲ್ಲಿನ ಕ್ವಾರಿಯಲ್ಲಿ ಬಂಡೆ ಸಿಡಿಸುವುದರಿಂದ ಅಂಗನವಾಡಿಯ ಗೋಡೆ ಬಿರುಕು ಬಿಟ್ಟಿದೆಯಂತೆ. ಪುಟ್ಟಮಾದಮ್ಮನೂ ನಾನೂ ಹೋದೆವು. ಬಿರುಕಿನೊಳಗೆ ನನ್ನ ಬೆರಳು ಹೋಯಿತು. ಆಚೆಯ ಬೆಳಕು ಕಂಡಿತು. ಆದರೆ ನನ್ನನ್ನು ಬೆಚ್ಚಿಸಿದ್ದು ಗೋಡೆಯಲ್ಲ. ಒಳಗೆ ಒಲೆಯ ಮೇಲಿದ್ದ ಕುಕ್ಕರ್ ಕೂಗಿತು. ಆಡುತ್ತಿದ್ದ ಹದಿನಾಲ್ಕು ಮಕ್ಕಳೂ ತಟ್ಟನೆ ಕೂತು, ಎರಡೂ ಕೈಗಳಿಂದ ಕಿವಿ ಮುಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡವು. ಯಾರೂ ಅಳಲಿಲ್ಲ. ಅಳದೆ ಕಾಯುತ್ತಿದ್ದವು.

"ಸಿಡಿಸೋಕ್ ಮುಂಚೆ ಅಲ್ಲಿ ಸೀಟಿ ಊದ್ತಾರೆ ಕಣಕ್ಕ," ಎಂದಳು ಅಂಗನವಾಡಿಯ ರಾಜಮ್ಮ. "ಅವರ ಕಿವಿ ನಾನೇ ಮುಚ್ಚನ ಅಂದ್ರೆ ನಂಗಿರೋದು ಎಲ್ಡೇ ಕೈ. ಅದ್ಕೆ ಕಲಿಸ್ಬುಟ್ಟೆ. ಈಗ ಕುಕ್ಕರ್‌ಗೂ ಮುಚ್ಕೊತವೆ."

ಸುದ್ದಿ ಅಚ್ಚಾಯಿತು. ನಾಟಕವೂ ಸಿದ್ಧವಾಗತೊಡಗಿತು. ಮರುವಾರ, ಮಟಮಟ ಮಧ್ಯಾಹ್ನ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ವ್ಯಕ್ತಿ ಅಂಗಡಿಗೆ ಬಂದ. ಯಾವುದೋ ಕಾಗದದ ಎರಡು ಪ್ರತಿ ಕೇಳಿದ. ಯಂತ್ರ ಓಡುತ್ತಿದ್ದಾಗ ಬಹಳ ಮೆಲ್ಲಗೆ, ಹಳೆಯ ಪರಿಚಯದವನಂತೆ ಹೇಳಿದ: "ನಿಮ್ಮ ಮಗಳು ಕಾಲೇಜಿಂದ ಮೂರೂಕಾಲು ಬಸ್ಸಿಗೆ ಬರ್ತಾಳಲ್ವಾ ಮೇಡಂ? ಪಾಪ, ತುಂಬಾ ರಶ್ಶು ಆ ಬಸ್ಸು. ಹುಷಾರು." ಹಾಳೆಗಳನ್ನು ಅಚ್ಚುಕಟ್ಟಾಗಿ ಮಡಚಿಕೊಂಡು, ಮೆಟ್ಟಿಲಿಳಿಯುವಾಗ ಕೈ ಕೂಡ ಮುಗಿದ.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ವಿನಯಕ್ಕೆ ಏನೆಂದು ಉತ್ತರ ಕೊಡುವುದು? ಗೆಳೆಯರೇ, ಅಲ್ಲಿಯತನಕ ನನಗೆ ಗೊತ್ತಿದ್ದ ಭಯಗಳಿಗೆಲ್ಲ ಒಂದು ಆಕಾರವಿತ್ತು: ಹಾವು, ಜ್ವರ, ಪರೀಕ್ಷೆಯ ಫಲಿತಾಂಶ. ಈ ಭಯಕ್ಕೆ ಆಕಾರವಿರಲಿಲ್ಲ, ವೇಳೆ ಮಾತ್ರ ಇತ್ತು. ಮೂರೂಕಾಲು. ಅಂದಿನಿಂದ ದಿನವೂ ಮೂರಕ್ಕೆ ಬಾಗಿಲೆಳೆದು, ತರಕಾರಿಯ ಚೀಲ ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತೆ. ಬಸ್ಸು ಐದು ನಿಮಿಷ ತಡವಾದರೆ ರಸ್ತೆಯ ತಿರುವಿನ ತನಕ ನಡೆದು ಇಣುಕುತ್ತಿದ್ದೆ. ಬಿಳಿ ಅಂಗಿ ತೊಟ್ಟವರನ್ನೆಲ್ಲ ದಿಟ್ಟಿಸಿದೆ. ನಮ್ಮೂರಿನಲ್ಲಿ ಅಷ್ಟೊಂದು ಬಿಳಿ ಅಂಗಿಗಳಿವೆಯೆಂದು ಆಗಲೇ ತಿಳಿದದ್ದು. ಯಾರಿಗೂ ಹೇಳಲಿಲ್ಲ. ಅಷ್ಟೇ ಅಲ್ಲ, ಮುಂದಿನ ಸಂಚಿಕೆಯ ಕೊನೆಯಲ್ಲಿ ಬರಬೇಕಿದ್ದ 'ಅಕ್ಷರ ಜೋಡಣೆ: ಸುನಂದಾ' ಎಂಬ ಸಾಲನ್ನು ನನ್ನ ಕೈಯಾರೆ ಅಳಿಸಿದೆ. ಅಳಿಸುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕಾಗಿತ್ತು. ಅಷ್ಟು ಸುಲಭವಾಗಿ ನಾನು ಇಲ್ಲವಾಗಬಲ್ಲೆನೆಂಬುದೇ ಇನ್ನೊಂದು ಭಯವಾಯಿತು.

ಭಾನುವಾರ ಬಸವಣ್ಣನವರ ಮಹಡಿಯಲ್ಲಿ ನಾನೇ ಬಾಯಿ ತೆರೆದೆ. "ಗುಂಡ್ಲುಪೇಟೆ ಸಂತೆಯಲ್ಲಿ ಈ ನಾಟಕ ಬೇಡ. ಬಿಸಿಲು ಜಾಸ್ತಿ."

ಯಾರಾದರೂ ನಗುತ್ತಾರೆಂದುಕೊಂಡಿದ್ದೆ. ಬದಲಿಗೆ ಎಲ್ಲರೂ ಒಟ್ಟಿಗೆ ಹಗುರವಾದಂತೆ ಉಸಿರು ಬಿಟ್ಟರು. ಹೌದು ಹೌದು, ಬಿಸಿಲು ಜಾಸ್ತಿ ಎಂದರು. ಪುಟ್ಟಮಾದಮ್ಮ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ನನ್ನಲ್ಲಿ ನಿಂತಳು.

"ನಿನ್ ತಾವ್ಕೂ ಬಂದಿದ್ನಾ ಕಣವ್ವ, ಬಿಳಿ ಅಂಗಿಯವ್ನು?"

ಆ 'ನಿನ್ ತಾವ್ಕೂ' ಎಂಬ ಮಾತಿನ 'ಊ'ಕಾರದಲ್ಲಿ ಎಷ್ಟೆಲ್ಲ ಇತ್ತು! ಬಸವಣ್ಣನವರಿಗೆ ಫೋನು ಬಂದಿತ್ತು. ಕೂಟದ ಟೈಲರ್ ನಾಗೇಶನ ತಮ್ಮನನ್ನು ದಾರಿಯಲ್ಲಿ ನಿಲ್ಲಿಸಿ ಕುಶಲ ವಿಚಾರಿಸಿದ್ದರು. ಪುಟ್ಟಮಾದಮ್ಮನಿಗೆ, ಇನ್ನು ನಿನ್ನನ್ನು ಯಾರೂ ಕೂಲಿಗೆ ಕರೆಯರು ಎಂದು ಬಿಳಿ ಅಂಗಿಯವನೇ ಹೇಳಿದ್ದ. ಕ್ವಾರಿಯವರು ಒಬ್ಬೊಬ್ಬರ ಮನೆಗೂ ಭಯವನ್ನು ಬೇರೆಬೇರೆ ಪೊಟ್ಟಣ ಕಟ್ಟಿ ತಲುಪಿಸಿದ್ದರು. ನಾವೆಲ್ಲ ಅದು ನಮ್ಮೊಬ್ಬರಿಗೇ ಬಂದದ್ದೆಂದು ಬಚ್ಚಿಟ್ಟುಕೊಂಡಿದ್ದೆವು.

"ನಿಂಗೆ ಎದ್ರಿಕೆ ಆಗದಿಲ್ವಾ ಪುಟ್ಟಮಾದಮ್ಮ?" ಎಂದರು ಬಸವಣ್ಣ.

"ಆಯ್ತದೆ ಸಾಮಿ, ಆಗ್ದೆ ಏನು? ಕೈಕಾಲೆಲ್ಲ ತಣ್ಣಗಾಯ್ತದೆ. ಆದ್ರೆ ಆ ಮಕ್ಳು ಕಿವಿ ಮುಚ್ಕೊಂಡ್ವಲ್ಲ, ನಾವೂ ಅಂಗೇ ಮುಚ್ಕೊಂಡು ಕೂತ್ಕೊಂಡ್ರೆ ಎಂಗೆ?"

ಮರುದಿನ ಹನ್ನೆರಡೂ ಜನ ಒಟ್ಟಿಗೆ ಠಾಣೆಗೆ ಹೋಗಿ ದೂರು ಬರೆದುಕೊಟ್ಟು ರಸೀದಿ ಪಡೆದೆವು. ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು, "ಹಾಗಾದ್ರೆ ನೀನು ಬಸ್‌ಸ್ಟಾಪಿಗೆ ಬರ್ತಿದ್ದಿದ್ದು ತರಕಾರಿಗಲ್ಲ," ಎಂದಳು. ಆಮೇಲೆ ಸಿಟ್ಟಾದಳು. "ನನ್ನ ವಿಷಯ ನನಗೇ ಹೇಳ್ಲಿಲ್ವಲ್ಲಮ್ಮ!" ಆ ಸಿಟ್ಟು ನ್ಯಾಯವಾದದ್ದು. ಅವಳನ್ನು ಕಾಪಾಡುತ್ತಿದ್ದೇನೆಂದುಕೊಂಡು ಅವಳ ಕಣ್ಣಿಗೆ ಬಟ್ಟೆ ಕಟ್ಟಿದ್ದೆ. ಮಾರನೆಯ ದಿನದಿಂದ ನಾಲ್ವರು ಗೆಳತಿಯರ ಜೊತೆಗೇ ಬಸ್ಸು ಹತ್ತುವ ಏರ್ಪಾಡನ್ನು ತಾನೇ ಮಾಡಿಕೊಂಡಳು.

ಸಂತೆಯ ದಿನ ಗುಂಡ್ಲುಪೇಟೆಯಲ್ಲಿ ಟೊಮೆಟೊ, ಬೆಳ್ಳುಳ್ಳಿ ರಾಶಿಗಳ ಪಕ್ಕದ ಖಾಲಿ ಜಾಗದಲ್ಲಿ ಚಾಪೆ ಹಾಸಿದೆವು. ಜನ ಸೇರಿದರು. ರಾಜಮ್ಮ ತನ್ನೂರಿನ ತಾಯಂದಿರನ್ನು ಕರೆತಂದಿದ್ದಳು, ಅವರು ಮಕ್ಕಳನ್ನು. ಕಬ್ಬಿನಹಾಲಿನ ಗಾಡಿಗೆ ಒರಗಿ ಬಿಳಿ ಅಂಗಿಯವನೂ ನಿಂತಿದ್ದ. ನನ್ನನ್ನು ಕಂಡು ತಲೆಬಾಗಿಸಿದ. ನಾನು ಚಾಪೆಯ ಅಂಚು ಸರಿಪಡಿಸುವ ನೆವದಲ್ಲಿ ಬೆನ್ನು ತಿರುಗಿಸಿದೆ.

ನಾಟಕದ ಮಧ್ಯೆ ಬಸವಣ್ಣ, ಕ್ವಾರಿಯವನ ಪಾತ್ರದಲ್ಲಿ, ತಮ್ಮ ಕಂಡಕ್ಟರ್ ದಿನಗಳ ಸೀಟಿಯನ್ನು ಜೋರಾಗಿ ಊದಿದರು. ನಾವು ಯಾರೂ ಯೋಚಿಸದಿದ್ದದ್ದು ಆಗ ನಡೆಯಿತು. ಮುಂದೆ ಕೂತಿದ್ದ ಮಕ್ಕಳೆಲ್ಲ ತಟ್ಟನೆ ಕುಗ್ಗಿ ಕಿವಿ ಮುಚ್ಚಿದವು. ಒಂದು ಹೆಣ್ಣುಮಗು ತನ್ನ ಕಿವಿ ಬಿಟ್ಟು ಪಕ್ಕದ ಕೂಸಿನ ಕಿವಿ ಮುಚ್ಚಿತು.

ಸಂತೆ ಸ್ತಬ್ಧವಾಯಿತು. ಬಿಳಿ ಅಂಗಿಯವನು ನಮಗೆ ಮಾಡಿದ್ದನ್ನೇ ನಾವು ಈ ಮಕ್ಕಳಿಗೆ ಮಾಡಿದೆವಲ್ಲ! ಪುಟ್ಟಮಾದಮ್ಮ ಮಾತು ಅರ್ಧಕ್ಕೆ ಬಿಟ್ಟಳು. ಪಾತ್ರ ಬಿಟ್ಟಳು. ಚಾಪೆಯಿಂದಿಳಿದು ಆ ಮಗುವನ್ನು ಎತ್ತಿಕೊಂಡು, "ಇಲ್ಲ ಕಣಮ್ಮಿ, ಏನೂ ಸಿಡಿಯಾಕಿಲ್ಲ, ನಾನಿವ್ನಿ, ಏನೂ ಸಿಡಿಯಾಕಿಲ್ಲ," ಎಂದು ಬೆನ್ನು ತಟ್ಟುತ್ತ ನಿಂತಳು. ನಾಟಕ ಮುಂದುವರಿಯಲಿಲ್ಲ. ಮುಂದುವರಿಯುವ ಅಗತ್ಯವೂ ಇರಲಿಲ್ಲ. ತರಕಾರಿ ಮಾರುವ ಮುದುಕಿಯೊಬ್ಬಳು ಬಂದು ಮಕ್ಕಳ ಕೈಗೆ ಒಂದೊಂದು ಬಾಳೆಹಣ್ಣು ಕೊಟ್ಟಳು. ಯಾರೋ ಆ ಊರಿನ ಹೆಸರು ಕೇಳಿದರು. ಇನ್ಯಾರೋ ಮನವಿ ಬರೆಯಿರಿ, ಸಹಿ ಹಾಕುತ್ತೇವೆ ಎಂದರು. ನಾನು ಮತ್ತೆ ಕಬ್ಬಿನ ಗಾಡಿಯತ್ತ ನೋಡಿದಾಗ ಅವನಿರಲಿಲ್ಲ. ಅದರಿಂದ ಸಮಾಧಾನವಾಗಲಿಲ್ಲ, ಕಾಣುತ್ತಿದ್ದಾಗ ಎಲ್ಲಿದ್ದಾನೆಂದಾದರೂ ಗೊತ್ತಿತ್ತು.

ಆ ಮನವಿಯ ಮೇಲೆ ಅಧಿಕಾರಿಗಳು ಬಂದು ಗೋಡೆ ನೋಡಿದರು. ಅಂಗನವಾಡಿ ಊರಿನ ಇನ್ನೊಂದು ತುದಿಯ ಕಟ್ಟಡಕ್ಕೆ ಹೋಯಿತು. ಮಕ್ಕಳು ಮನೆ ಸೇರುವ ತನಕ ಸಿಡಿಸುವಂತಿಲ್ಲವೆಂದು ಆದೇಶವಾಯಿತು. ಕ್ವಾರಿ ನಿಂತಿಲ್ಲ. ನಾಗೇಶ ಕೂಟ ಬಿಟ್ಟ. ನಾವು ಕಾರಣ ಕೇಳಲಿಲ್ಲ. ಪುಟ್ಟಮಾದಮ್ಮನಿಗೆ ಉಮ್ಮತ್ತೂರಿನಲ್ಲಿ ಕೆಲಸ ಕಡಿಮೆಯಾಗಿ, ಈಗ ಬಸ್ಸು ಹಿಡಿದು ಬದನಗುಪ್ಪೆಯ ಕಡೆಗೆ ಹೋಗುತ್ತಾಳೆ. ನಾನು ಇಂದಿಗೂ ನಿರ್ಭೀತಳಲ್ಲ.

ಕಳೆದ ವಾರ ಪುಣಜನೂರಿನಿಂದ ಬಂದ ಹೆಂಗಸೊಬ್ಬಳು ಅಂಗಡಿಯ ಎದುರು ಬಹಳ ಹೊತ್ತು ನಿಂತಿದ್ದಳು. ಬೀದಿಯ ಆ ತುದಿ, ಈ ತುದಿ ನೋಡಿ ಒಳಬಂದಳು. ಸೆರಗಿನಲ್ಲಿ ಮುಚ್ಚಿದ್ದ ಕಾಗದವನ್ನು ಹೊರತೆಗೆಯದೆಯೇ, "ಇದು ಬರುದ್ರೆ ನಮಗೇನೂ ಆಗಾಕಿಲ್ವಲ್ಲಾ ಅಕ್ಕಾ?" ಎಂದು ಕೇಳಿದಳು.

ಏನೂ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. "ಗೊತ್ತಿಲ್ಲ ಕಣಮ್ಮ. ನನಗೂ ಭಯವೇ," ಎಂದು ಸ್ಟೂಲು ಎಳೆದು ಕೊಟ್ಟೆ.

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕೂತಳು.