‘ಕನ್ನಡಿ’ ಎಂದು ಬರೆದ ತಟ್ಟೆಗಳು

ಅವರನ್ನು ಅವಳು ಮೊದಲು ನೋಡಿದ್ದು ಪಾರ್ಸಲ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಎರಡನೇ ವಾರ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಕೌಂಟರಿನ ಮುಂದೆ ಏಳು ಜನ ನಿಂತಿದ್ದರು. ಆರನೆಯವರು ಐವತ್ತು ದಾಟಿದ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಸವೆದ ಚಪ್ಪಲಿ. ಚೌಕಾಕಾರದ ಒಂದು ಚಪ್ಪಟೆ ಪಾರ್ಸಲನ್ನು ಎದೆಗೆ ಅವುಚಿಕೊಂಡು, ಹಿಂದಿನವರು ತಗುಲದಂತೆ ಮೊಣಕೈ ಅಡ್ಡ ಹಿಡಿದಿದ್ದರು. ಸರದಿ ಬಂದಾಗ ಅದನ್ನು ತೂಕದ ಯಂತ್ರದ ಮೇಲೆ ಇಳಿಸಿದ ರೀತಿ ನೋಡಿ ಒಳಗೆ ಮೊಟ್ಟೆ ಇರಬೇಕು ಅಂದುಕೊಂಡಳು. ವಿಳಾಸ ನಮೂದಿಸಿ ರಬ್ಬರ್ ಮೊಹರು ಎತ್ತಿದಳು.

“ಅಯ್ಯೋ ತಾಯಿ, ನಡುವೆ ಹೊಡೀಬೇಡ! ಮೂಲೇಲಿ ಒತ್ತು.”

ಅವಳ ಕೈ ಗಾಳಿಯಲ್ಲೇ ನಿಂತಿತು. “ಒಳಗೇನಿದೆ ಸರ್?”

“ಗ್ರಾಮಫೋನ್ ತಟ್ಟೆ. ರಾಕ್ ಹಾಡಿಂದು.”

“ಅದನ್ನ ಈಗ್ಲೂ ಮಾಡ್ತಾರಾ?”

“ಹೊಸದೂ ಬರುತ್ತೆ, ಅದು ನನ್ನ ದಾರಿ ಅಲ್ಲ. ನಂದು ಹಳೇದು. ಒಂದು ಮನೇಲಿ ಬೇಡವಾಗಿದ್ದನ್ನ ಇನ್ನೊಂದು ಮನೆಗೆ ಸೇರಿಸೋದು. ಎರಡನೇ ಸಂಬಂಧ ಕುದುರಿಸೋ ದಲ್ಲಾಳಿ ಅಂದ್ಕೋ.”

ಹಿಂದೆ ನಿಂತಿದ್ದವನು, “ದಲ್ಲಾಳಿಗಳೇ, ನಮ್ಮದೂ ಒಂದು ಗಂಟು ಇದೆ, ಬೇಗ ಮುಗ್ಸಿ,” ಎಂದ. ಸಾಲೆಲ್ಲ ನಕ್ಕಿತು. ಅವರು ನಗಲಿಲ್ಲ, ಮೂಲೆಯಲ್ಲಿ ಮೊಹರು ಬೀಳುವವರೆಗೂ ಪಾರ್ಸಲಿನ ಮೇಲಿಟ್ಟ ದೃಷ್ಟಿ ತೆಗೆಯಲಿಲ್ಲ.

ಆಮೇಲೆ ಪ್ರತಿ ಮಂಗಳವಾರ, ಶುಕ್ರವಾರ ಬರತೊಡಗಿದರು. ಆಫೀಸಿನವರ ಬಾಯಲ್ಲಿ ಅವರು ‘ತಟ್ಟೆಯವರು’. ಮನೆಯವರನ್ನು ಬಿಟ್ಟು ದೂರ ಬಂದಿದ್ದ ಅವಳ ಬಾಯಲ್ಲಿ ವರ್ಷ ತುಂಬುವುದರೊಳಗೆ ದೊಡ್ಡಪ್ಪ ಆಗಿಬಿಟ್ಟರು.

ಕಾಗದಕ್ಕೆ ಸಹಿ ಹಾಕುವ ಸಂದಿಯಲ್ಲಿ, ಚೀಟಿ ಹರಿಯುವ ಸಂದಿಯಲ್ಲಿ ಅವರ ಕಥೆ ತುಣುಕು ತುಣುಕಾಗಿ ಅವಳಿಗೆ ಸಿಕ್ಕಿತು. ಬಟ್ಟೆ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಮಗ್ಗ ರಿಪೇರಿ ಮಾಡಿದವರು. ಒಳಗೆ ನೂರಾರು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೆ ಪಕ್ಕದವನು ಕಿರುಚಿದರೂ ಕೇಳದು; ಕೈಸನ್ನೆ, ತುಟಿಯ ಆಟದಲ್ಲೇ ಮಾತು. ಹರೆಯದಲ್ಲಿ ಗೆಳೆಯನ ಮನೆಯಲ್ಲಿ ಮೊದಲ ಸಲ ರಾಕ್ ತಟ್ಟೆ ಕೇಳಿದಾಗ, “ಇದು ನಮ್ಮ ಗಿರಣೀನೇ, ಆದ್ರೆ ಇದಕ್ಕೆ ಹಾಡೋಕೆ ಬರುತ್ತೆ!” ಅಂದಿದ್ದರಂತೆ. ಅಂದಿನಿಂದ ಹುಚ್ಚು ಹಿಡಿಯಿತು. ಗಿರಣಿ ಬಾಗಿಲು ಹಾಕಿದ ಮೇಲೆ ಆ ಹುಚ್ಚೇ ಅನ್ನ ಕೊಟ್ಟಿತು. ಗುಜರಿ ಅಂಗಡಿ, ಖಾಲಿ ಮಾಡುವ ಮನೆ, ಮುಚ್ಚಿದ ಹೋಟೆಲು ಸುತ್ತಿ ಹಳೆಯ ತಟ್ಟೆ ತರುವುದು, ತೊಳೆಯುವುದು, ಆನ್‌ಲೈನಿನಲ್ಲಿ ಮಾರುವುದು.

ಮಾರುವುದರಲ್ಲಿ ಅವರದೊಂದು ಪದ್ಧತಿ ಇತ್ತು. ಎರಡೂ ಬದಿ ಪೂರ್ತಿ ಕೇಳದೆ ಯಾವ ತಟ್ಟೆಯನ್ನೂ ಮಾರಾಟಕ್ಕೆ ಹಾಕುತ್ತಿರಲಿಲ್ಲ. ವಿವರದಲ್ಲಿ ಮೊದಲು ದೋಷ, ಆಮೇಲೆ ಗುಣ. ‘ಎರಡನೇ ಬದಿ, ಮೂರನೇ ಹಾಡು: ಒಂದು ಗೀರು, ನಾಲ್ಕು ಸಲ ಟಕ್ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ.’ ಹಾಡು ಬಿಟ್ಟು ಬೇರೇನೂ ಸದ್ದಿಲ್ಲದ ತಟ್ಟೆ ಸಿಕ್ಕರೆ ಒಂದೇ ಪದ: ‘ಕನ್ನಡಿ’. ಆ ಪದ ವರ್ಷಕ್ಕೆ ನಾಲ್ಕೈದು ಸಲ ಬಂದರೆ ಹೆಚ್ಚು. ಮುಖ ನೋಡದ ಜನ ಆ ಒಂದು ಪದವನ್ನು ನಂಬಿ ದೂರದೂರುಗಳಿಂದ ಕೊಳ್ಳುತ್ತಿದ್ದರು.

ಅವಳು ಸೇರಿದ ಮೂರನೇ ವರ್ಷ ‘ಕನ್ನಡಿ’ಗಳು ಹೆಚ್ಚಾದವು. ದೊಡ್ಡಪ್ಪ ಖುಷಿಯಲ್ಲಿದ್ದರು. “ತೊಳೆಯೋದು ಈಗ ಕೈಗೆ ಹತ್ತಿದೆ ಮಗಳೇ. ಗುಜರಿಯಿಂದ ತಂದಿದ್ದೂ ಕನ್ನಡಿ ಆಗ್ತಿದೆ!”

ಆ ಖುಷಿಯ ಬೆನ್ನಿಗೇ ಒಂದು ತಿಂಗಳಲ್ಲಿ ಮೂರು ಪಾರ್ಸಲ್ ವಾಪಸು ಬಂದವು. ಒಂದರ ಮೇಲೆ ಕೊಂಡವರು ಚೀಟಿ ಅಂಟಿಸಿದ್ದರು: ‘ಕನ್ನಡಿ ಎಂದು ಬರೆದಿದ್ದೀರಿ. ಮೊದಲಿನಿಂದ ಕೊನೆಯವರೆಗೆ ಚರಚರ.’ ಮೊದಲನೆಯದಕ್ಕೆ ಅವರು, “ಅವರ ಸೂಜಿ ಸವೆದಿರುತ್ತೆ, ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ,” ಅಂದರು. ಎರಡನೆಯದನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟರು. ಮೂರನೆಯದನ್ನು ಅವಳು ಕೌಂಟರಿನಾಚೆ ಚಾಚಿದಾಗ ಅವರ ಕೈ ಮುಂದೆ ಬರಲೇ ಇಲ್ಲ.

“ನಾನು ಸುಳ್ಳು ಬರೀತೀನಾ ಮಗಳೇ?”

“ಛೆ, ಯಾರಂದ್ರು ದೊಡ್ಡಪ್ಪ?”

“ಮೂರು ಜನ ಅಂದ್ರಲ್ಲ. ಶನಿವಾರ ಮನೆಗೆ ಬಾ. ನೀನೇ ಕೇಳಿ ಹೇಳು.”

ಶನಿವಾರ ಮಧ್ಯಾಹ್ನ ಹೋದಳು. ಮೂರನೇ ಮಹಡಿ, ಎರಡು ಕೋಣೆ. ಮುಂದಿನ ಕೋಣೆಯ ಗೋಡೆಗಳಿಗೆಲ್ಲ ತಟ್ಟೆಗಳು ಪುಸ್ತಕದಂತೆ ನಿಂತಿದ್ದವು. ಪಾತ್ರೆ ಆರಿಸುವ ಸ್ಟ್ಯಾಂಡಿನಲ್ಲಿ ತೊಳೆದ ಐದು ತಟ್ಟೆ ನೀರಿಳಿಸುತ್ತಿದ್ದವು. ಕಿಟಕಿಯ ಪಕ್ಕ ಪ್ಲೇಯರು, ಎದುರಿಗೆ ಒಂದೇ ಕುರ್ಚಿ. ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಅದರಾಚೆ ದೊಡ್ಡಮ್ಮ. ಅವರಿಗೂ ಈ ಸಂಗೀತಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ.

ದೊಡ್ಡಪ್ಪ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ವಾಪಸು ಬಂದ ತಟ್ಟೆಯನ್ನು ಅಂಚಿನಲ್ಲಷ್ಟೇ ಹಿಡಿದು ಹಾಕಿದರು. ಧ್ವನಿ ಕಿಟಕಿ ಗಾಜು ಅದುರುವಷ್ಟು ಏರಿಸಿದರು. ಸೂಜಿ ಇಳಿಯಿತು. ಗಿಟಾರು ಬರುವ ಮೊದಲೇ ಅವಳಿಗೆ ಕೇಳಿತು: ಒಣ ಎಲೆಯ ಮೇಲೆ ಯಾರೋ ನಡೆದಂಥ ಸದ್ದು, ಬಿಡದೆ. ಹಾಡು ತಗ್ಗಿದಲ್ಲೆಲ್ಲ ಅದು ಮೇಲೆದ್ದಿತು.

ದೊಡ್ಡಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. “ನೋಡು, ಒಂದು ಚುಕ್ಕೆ ಇದ್ರೆ ಹೇಳು. ಕನ್ನಡಿ.”

ಅವಳಿಗೆ ಬಿಸಿತುಪ್ಪ ಬಾಯಲ್ಲಿಟ್ಟಂತಾಯಿತು. ಇದೆ ಎಂದರೆ ಅವರ ಮಾತು ಹೋಯಿತು. ಗಿರಣಿ ಹೋದ ಮೇಲೆ ಅವರ ಬಳಿ ಉಳಿದಿದ್ದೇ ಆ ಮಾತು. ಇಲ್ಲ ಎಂದರೆ ನಾಳೆ ನಾಲ್ಕನೆಯದು ವಾಪಸು ಬರುತ್ತದೆ. “ದೊಡ್ಡಪ್ಪ...” ಎಂದು ಶುರುಮಾಡಿದಳು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ಪೂರ್ತಿ ತೆರೆಯಿತು. ದೊಡ್ಡಮ್ಮ ಸೌಟು ಹಿಡಿದೇ ಬಂದರು.

“ಏನ್ರೀ ಅದು ಚರಚರ ಅಂತ? ಒಲೆ ಮೇಲೆ ಏನೋ ಹತ್ಕೊಂಡಿತು ಅಂತ ಎರಡು ಸಲ ಗ್ಯಾಸ್ ಆರಿಸಿದ್ದಾಯ್ತು ನಾನು!”

“ಯಾವ ಚರಚರ?”

“ಇದೇ. ಈಗ ಬರ್ತಿಲ್ವಾ? ಒಂದು ವರ್ಷದಿಂದ ಇದೇ ಗೋಳು.”

ದೊಡ್ಡಪ್ಪ ಹೆಂಡತಿಯ ಮುಖ ನೋಡಿದರು, ಕುರ್ಚಿಯಲ್ಲಿದ್ದ ಅವಳ ಮುಖ ನೋಡಿದರು. ಗಿರಣಿಯಲ್ಲಿ ಮುಖ ಓದಿಯೇ ಮಾತು ತಿಳಿಯುತ್ತಿದ್ದವರಿಗೆ ಉಳಿದದ್ದನ್ನು ಯಾರೂ ಹೇಳಬೇಕಾಗಲಿಲ್ಲ. ಸೂಜಿ ಎತ್ತಿದರು. “ಹಾಗಾದ್ರೆ ತಟ್ಟೆ ವಾಸಿ ಆಗಿರಲಿಲ್ಲ,” ಎಂದರು. “ನನ್ನ ಕೈ ಪಳಗಿತು ಅಂದ್ಕೊಂಡಿದ್ದೆ. ಕೆಟ್ಟಿದ್ದು ಕಿವಿ.”

ದೊಡ್ಡಮ್ಮ ಸೌಟನ್ನು ಸೆರಗಿನಲ್ಲಿ ಒರೆಸುತ್ತಾ ನಿಂತರು. ಒರೆಸಬೇಕಾದ್ದು ಅದರಲ್ಲಿ ಏನೂ ಇರಲಿಲ್ಲ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಸಣ್ಣ ಸದ್ದುಗಳು ಹೋಗಿವೆ, ಮಗ್ಗಗಳ ಕೆಲಸ ಅದು, ಬರುವಂಥದ್ದಲ್ಲ ಅಂದರು. ಯಂತ್ರ ಹಾಕಿಕೊಂಡರೆ ಮಾತು ಚೆನ್ನಾಗಿ ಕೇಳುತ್ತದೆ, ಆದರೆ ಗಿಟಾರು ತಗಡು ಬಡಿದ ಹಾಗಿರುತ್ತದೆ ಎಂದು ದೊಡ್ಡಪ್ಪ ಅದನ್ನು ಹಾಡಿನ ಹೊತ್ತಿಗೆ ತೆಗೆದಿಟ್ಟರು. ಮಾರಾಟಕ್ಕಿದ್ದ ನಲವತ್ತೊಂದು ತಟ್ಟೆಗಳನ್ನೂ ಹಿಂತೆಗೆದುಕೊಂಡರು. ಆಮೇಲೆ ಒಂದು ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದಿನ ಎರಡು ವರ್ಷದಲ್ಲಿ ‘ಕನ್ನಡಿ’ ಕೊಂಡವರಿಗೆಲ್ಲ ಬರೆಸಿದರು: ‘ನನಗೆ ಸಣ್ಣ ಸದ್ದು ಕೇಳುವುದಿಲ್ಲವೆಂದು ಈಗ ತಿಳಿದಿದೆ. ನಿಮ್ಮ ತಟ್ಟೆ ನಾನು ಬರೆದಂತೆ ಇಲ್ಲದಿದ್ದರೆ ದಯವಿಟ್ಟು ಕಳಿಸಿ, ನಿಮ್ಮ ಹಣ ನಿಮಗೆ.’ ಮೂವತ್ತಾರು ಜನ. ಅವಳು ಟೈಪು ಮಾಡಿದಳು. ‘ದಯವಿಟ್ಟು’ ಇದೆಯೇ ಎಂದು ಅವರು ಪ್ರತಿಯೊಂದನ್ನೂ ಓದಿ ನೋಡಿದರು.

ವಾಪಸು ಬಂದಿದ್ದು ಐದು. ಒಬ್ಬ ಶಾಲಾ ಮೇಷ್ಟ್ರು ಹೀಗೆ ಬರೆದಿದ್ದರು: ‘ಚರಚರ ನನಗೂ ಕೇಳಿತ್ತು. ನೀವು ಬರೆದದ್ದು ತಪ್ಪಾಗಿರಲಾರದು ಎಂದು ನನ್ನ ಸೂಜಿಯನ್ನೇ ಬದಲಾಯಿಸಿದೆ. ತಟ್ಟೆ ಇಲ್ಲೇ ಇರಲಿ. ಅಂಗಡಿ ಮುಚ್ಚಬೇಡಿ.’ ಅದನ್ನು ಅವಳು ಎರಡು ಸಲ ಓದಿ ಹೇಳಿದಳು. ದೊಡ್ಡಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ, ಒಣಗಿದ್ದ ತಟ್ಟೆಗಳನ್ನು ಮತ್ತೆ ಒರೆಸತೊಡಗಿದರು.

ಆಮೇಲೆ ಮೂರು ವಾರ ಅವರ ಸುಳಿವಿಲ್ಲ. ನಾಲ್ಕನೇ ಮಂಗಳವಾರ ಸಾಲಿನಲ್ಲಿ ಆ ಚಪ್ಪಟೆ ಪಾರ್ಸಲ್ ಹಿಡಿದು ನಿಂತಿದ್ದವರು ದೊಡ್ಡಮ್ಮ.

“ದೊಡ್ಡಪ್ಪ ಎಲ್ಲಿ?”

“ಹೊರಗೆ ನಿಂತಿದಾರೆ. ಸಿಟ್ಟು.”

“ಯಾರ ಮೇಲೆ?”

“ಇನ್ಯಾರ ಮೇಲೆ, ನನ್ನ ಮೇಲೆ. ಆ ಕುರ್ಚೀಲಿ ಈಗ ನನ್ನ ಕೂರಿಸ್ತಾರೆ ಕಣಮ್ಮ. ಮೂವತ್ತು ವರ್ಷ ಬಾಗಿಲು ಹಾಕ್ಕೊಂಡು ತಪ್ಪಿಸ್ಕೊಂಡಿದ್ದೆ, ಕೊನೆಗೂ ಸಿಕ್ಕಿಬಿದ್ದೆ. ಇವತ್ತು ಬೆಳಿಗ್ಗೆ ಗರಗರ ಅಂತಿದೆ ಬರೀರಿ ಅಂದೆ. ‘ಅದು ಗೀರಲ್ಲ ಕಣೇ, ಅದು ಗಿಟಾರು’ ಅಂದ್ರು. ಹಾಗಾದ್ರೆ ಗಿಟಾರೇ ಕೆಟ್ಟಿದೆ, ಅದನ್ನೂ ಬರೀರಿ ಅಂದೆ.”

ಅವಳು ನಕ್ಕಳು. ಗಾಜಿನ ಬಾಗಿಲಾಚೆ ನಿಂತಿದ್ದ ದೊಡ್ಡಪ್ಪನಿಗೂ ವಿಷಯ ತಿಳಿಯಿತೆಂದು ಕಾಣುತ್ತದೆ. ಹೆಂಡತಿಯ ಕಡೆ ಕೈ ತೋರಿಸಿ, ತುಟಿಯಲ್ಲಷ್ಟೇ, “ಇವಳದು ಪಾಪಿ ಕಿವಿ,” ಎಂದರು.

ಪಾಪಿ ಕಿವಿಯೇ ಸರಿ. ಹಾಡಿನ ಮೋಹವಿಲ್ಲದ ಆ ಕಿವಿಗೆ ಕೂದಲೆಳೆಯಷ್ಟು ಗೀರೂ ತಪ್ಪುವುದಿಲ್ಲ. ‘ಕನ್ನಡಿ’ ಎಂಬ ಪದ ಆ ಅಂಗಡಿಯಲ್ಲಿ ವರ್ಷವಾದರೂ ಕಂಡಿಲ್ಲ.

ಈಗ ದೊಡ್ಡಪ್ಪ ಬೆಳಿಗ್ಗೆ ತಟ್ಟೆ ತೊಳೆದು, ದೀಪದ ಕೆಳಗೆ ತಿರುಗಿಸಿ ನೋಡುತ್ತಾರೆ. ದೊಡ್ಡಮ್ಮ ಅಡುಗೆ ಮುಗಿಸಿ ಬಂದು ಎರಡೂ ಬದಿ ಕೇಳುತ್ತಾರೆ, ಅವರು ಹೇಳಿದ್ದನ್ನು ದೊಡ್ಡಪ್ಪ ಬರೆದುಕೊಳ್ಳುತ್ತಾರೆ. ದೊಡ್ಡಮ್ಮ ಎದ್ದ ಮೇಲೆ ಅದೇ ಕುರ್ಚಿಯಲ್ಲಿ ಕುಳಿತು, ತಟ್ಟೆಯನ್ನು ಮೊದಲಿನಿಂದ ಹಾಕಿ, ತಮಗಾಗಿ ಒಂದು ಸಲ ಕೇಳುತ್ತಾರೆ. ವಾರಕ್ಕೆ ನಾಲ್ಕೈದು ಪಾರ್ಸಲ್ ಕಳಿಸುತ್ತಾರೆ.